ಖಾಲಿ ಬರಬೇಕಾಗಿದ್ದ ಟ್ಯೂಬು

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಗಾಳಿ, ಶಕುನ, ಕಣಿ ಇವನ್ನೆಲ್ಲ ನಂಬುವವರನ್ನು ಕಂಡರೆ ನನ್ನ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಕೋಗಿಲಿನ ನಮ್ಮ ಮನೆಯಲ್ಲಿ ಅತ್ತೆ ಅಮಾವಾಸ್ಯೆ ದಿನ ಬಾಗಿಲಿಗೆ ಬೂದುಗುಂಬಳ ಕಟ್ಟಿಸಿದರೆ, "ಇದರಲ್ಲಿ ಮಜ್ಜಿಗೆಹುಳಿ ಮಾಡಿದ್ರೆ ನಾಲ್ಕು ಜನದ ಹೊಟ್ಟೆಗಾದ್ರೂ ಆಗ್ತಿತ್ತು" ಎಂದು ಅನ್ನದೆ ನನಗೆ ಸಮಾಧಾನವಿರಲಿಲ್ಲ. ಪಾಪ, ಅವರು ಬೈಯುತ್ತಿರಲಿಲ್ಲ. "ಅಂಗೆಲ್ಲ ಅನ್ಬಾರದು ಕಣವ್ವ, ಒಂದಿನ ನಿಂಗೂ ಗೊತ್ತಾಯ್ತದೆ" ಎಂದು ಸುಮ್ಮನಾಗುತ್ತಿದ್ದರು. ಆ ಒಂದು ದಿನ ಬಂತೋ ಇಲ್ಲವೋ ಎಂಬುದು ನನಗೆ ಈಗಲೂ ಖಚಿತವಿಲ್ಲ. ಆದರೆ ನಾಲಿಗೆ ಮೊದಲಿನಷ್ಟು ಚುರುಕಾಗಿಲ್ಲ ಎಂಬುದು ಮಾತ್ರ ಮನೆಯವರೆಲ್ಲ ಒಪ್ಪುವ ಮಾತು.

ನಾನು ಹೆಬ್ಬಾಳದ ಕಡೆ ಒಂದು ಸಂಶೋಧನಾ ಸಂಸ್ಥೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಸಂಸ್ಥೆಯ ಹೆಸರು ಇಲ್ಲಿ ಬೇಡ. ಸ್ನಾಯು ಸೊರಗುವುದು, ಮೂಳೆ ಬಾಗುವುದು, ಕೀಲು ಸೆಟೆದುಕೊಳ್ಳುವುದು, ಇಂಥ ಕೆಲವು ಕಾಯಿಲೆಗಳು ಮನೆತನದಲ್ಲಿ ಹರಿದುಬರುತ್ತವೆ. ಅವುಗಳ ಮೂಲ ಯಾವ ಜೀನಿನಲ್ಲಿದೆ ಎಂದು ಹುಡುಕುವುದು ನಮ್ಮ ಲ್ಯಾಬಿನ ಕೆಲಸ. ರಕ್ತ ಬರುತ್ತದೆ, ಅದರಿಂದ ನಾನು ಡಿಎನ್‌ಎ ಬೇರ್ಪಡಿಸುತ್ತೇನೆ, ಬೇಕಾದ ಜೀನನ್ನು ಯಂತ್ರದಲ್ಲಿ ಓದಿಸುತ್ತೇನೆ. ಅದರಲ್ಲಿ ಯಾವುದಾದರೂ ಒಂದು ಅಕ್ಷರ ತಪ್ಪಿದೆಯೇ ಎಂದು ದೊಡ್ಡವರು ನೋಡುತ್ತಾರೆ. ಕೇಳಲು ಭಾರಿಯಾಗಿದೆ, ಮಾಡಲು ಅಡುಗೆಯಂತೆಯೇ. ಕೈ ಶುದ್ಧವಿರಬೇಕು, ಅಳತೆ ತಪ್ಪಬಾರದು, ಮಾತಿನ ಭರದಲ್ಲಿ ಒಂದಕ್ಕೊಂದು ಬೆರೆಸಿಬಿಡಬಾರದು.

ನನ್ನ ಜೊತೆಗೆ ಕೆಲಸ ಮಾಡುತ್ತಿದ್ದವನು ರಮೇಶ. ಎಂ.ಎಸ್ಸಿ. ಓದಿದ ಮನುಷ್ಯ, ಯಂತ್ರದ ಹಿಂದೆ ನಿಂಬೆಹಣ್ಣು ಇಡುತ್ತಿದ್ದ. ಯಂತ್ರ ಕೆಟ್ಟರೆ ಮೊದಲು ನಿಂಬೆಹಣ್ಣು ಬದಲಾಯಿಸುತ್ತಿದ್ದ, ಆಮೇಲೆ ಕಂಪನಿಗೆ ಫೋನ್ ಮಾಡುತ್ತಿದ್ದ. ನಾನು ಅವನನ್ನು ಗೋಳುಹೊಯ್ದುಕೊಂಡಿದ್ದು ಅಷ್ಟಿಷ್ಟಲ್ಲ.

ನಮ್ಮಿಬ್ಬರ ಮೇಲೆ ವಸುಂಧರಾ ಮೇಡಂ ಇದ್ದರು. ಅವರ ಬಗ್ಗೆ ಬರೆಯಲು ಹೊರಟರೆ ಈ ಲೇಖನ ಅಲ್ಲಿಗೇ ಮುಗಿದುಹೋಗುತ್ತದೆ, ಆದ್ದರಿಂದ ಸ್ವಲ್ಪದರಲ್ಲಿ ಹೇಳುತ್ತೇನೆ. ಹತ್ತಿ ಸೀರೆ, ಕಾಲಿಗೆ ಕ್ಯಾನ್ವಾಸ್ ಷೂ, ಡಬ್ಬಿಯಲ್ಲಿ ದಿನವೂ ಮೊಸರನ್ನ. ದೇಶವಿದೇಶದ ವಿಜ್ಞಾನಿಗಳು ಅವರ ಮಾತು ಕೇಳಲು ಕಾಯುತ್ತಿದ್ದರು, ಅವರು ಮಾತ್ರ ನಮ್ಮ ಜೊತೆ ಸ್ಟೂಲಿನ ಮೇಲೆ ಕೂತು ಮೊಸರನ್ನ ತಿನ್ನುತ್ತಿದ್ದರು. ಅವರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಗುಣ ಒಂದಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವುದಕ್ಕೆ ಅವರಿಗೆ ಒಂದು ಚೂರೂ ಸಂಕೋಚವಿರಲಿಲ್ಲ. ಅಷ್ಟು ಓದಿದವರ ಬಾಯಿಂದ ಆ ಮಾತು ಅಷ್ಟು ಸಲೀಸಾಗಿ ಬರುವುದನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಈಗ ನಮ್ಮ ಕೆಲಸದ ಒಂದು ಪದ್ಧತಿಯನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪ್ರತಿ ಸಲ ರೋಗಿಗಳ ರಕ್ತವನ್ನು ಟ್ಯೂಬುಗಳಿಗೆ ಹಾಕಿ ಕೆಲಸ ಶುರುಮಾಡುವಾಗ, ಜೊತೆಗೆ ಒಂದು ಟ್ಯೂಬಿಗೆ ಯಾರ ರಕ್ತವನ್ನೂ ಹಾಕದೆ ಬರೀ ಶುದ್ಧ ನೀರು ಹಾಕುತ್ತೇವೆ. ಉಳಿದವಕ್ಕೆ ಏನೇನು ಮಾಡುತ್ತೇವೋ ಅದನ್ನೆಲ್ಲ ಅದಕ್ಕೂ ಮಾಡುತ್ತೇವೆ. ಕೊನೆಯಲ್ಲಿ ಅದು ಖಾಲಿ ಬರಬೇಕು. ಬಂದರೆ ನಮ್ಮ ಕೈ ಶುದ್ಧವಾಗಿದೆ ಎಂದರ್ಥ. ಅದರಲ್ಲಿ ಏನಾದರೂ ಕಾಣಿಸಿಕೊಂಡರೆ ನಮ್ಮ ಉಗುಳೋ, ತಲೆಹೊಟ್ಟೋ, ಪಕ್ಕದ ಟ್ಯೂಬಿನ ಹನಿಯೋ ಸೇರಿಕೊಂಡಿದೆ ಎಂದರ್ಥ, ಆ ದಿನದ ಕೆಲಸವೆಲ್ಲ ಕಸದ ಬುಟ್ಟಿಗೆ. ಈ ಅನುಮಾನ ಪರಿಹಾರಕ್ಕೆಂದೇ ಲ್ಯಾಬಿನಲ್ಲಿ ಕೆಲಸ ಮಾಡುವವರೆಲ್ಲರ ಡಿಎನ್‌ಎ ಗುರುತನ್ನೂ ಕಂಪ್ಯೂಟರಿನಲ್ಲಿ ಇಟ್ಟಿರುತ್ತಾರೆ. ಬೆರಳಚ್ಚು ಇಟ್ಟ ಹಾಗೆ. ಯಾರ ಕೊಳೆ ಸೇರಿತೆಂದು ತಕ್ಷಣ ಸಿಕ್ಕಿಬೀಳುತ್ತದೆ. ಒಮ್ಮೆ ರಮೇಶ ಹಾಗೆ ಸಿಕ್ಕಿಬಿದ್ದು ನಮಗೆಲ್ಲ ಮಸಾಲೆ ದೋಸೆ ಕೊಡಿಸಿದ್ದ.

ಕೊರೊನಾ ಗಲಾಟೆ ಮುಗಿದು ಲ್ಯಾಬು ಮೊದಲಿನಂತೆ ನಡೆಯತೊಡಗಿದ ಮೇಲಿನ ಮಾತು. ಆಯುಧಪೂಜೆ ಕಳೆದಿತ್ತು. ರಮೇಶ ಹೊರಗಿನ ಕೋಣೆಯ ಯಂತ್ರಗಳಿಗೆಲ್ಲ ಚೆಂಡುಹೂವು ಏರಿಸಿ, ವಿಭೂತಿ ಪಟ್ಟೆ ಎಳೆದು ಧನ್ಯನಾಗಿದ್ದ. ನಾನು ಒಳಕೋಣೆಯಲ್ಲಿ ಒಂದು ಮಗುವಿನ ರಕ್ತದ ಮೇಲೆ ಕೆಲಸ ಮಾಡುತ್ತಿದ್ದೆ. ನೋಡಬೇಕಾಗಿದ್ದುದು ಒಂದು ಅಪರೂಪದ ಜೀನು. ನರ ಸ್ನಾಯುವಿಗೆ ಆಜ್ಞೆ ದಾಟಿಸುವ ಜಾಗವನ್ನು ಕಟ್ಟಿ ನಿಲ್ಲಿಸುವ ಜೀನು ಅದು. ಎಂದಿನಂತೆ ನೀರಿನ ಟ್ಯೂಬನ್ನೂ ಜೊತೆಗಿಟ್ಟಿದ್ದೆ. ನನ್ನ ಕೈಯಾರೆ ಹೊಸ ಪ್ಯಾಕೆಟ್ ಒಡೆದು, ಹೊಸ ಟ್ಯೂಬು ತೆಗೆದು ನೀರು ಹಾಕಿದ್ದು ಚೆನ್ನಾಗಿ ನೆನಪಿದೆ. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ, ಮಗುವಿನ ಟ್ಯೂಬಿನಲ್ಲಿ ಡಿಎನ್‌ಎ ಬಂದಿತ್ತು. ನೀರಿನಲ್ಲೂ ಬಂದಿತ್ತು.

ನನಗೆ ರೇಗಿಹೋಯಿತು. ಅರ್ಧ ದಿನದ ಕೆಲಸ ನೀರುಪಾಲು. "ನಿನ್ನ ಪೂಜೆಗೆ ಬಂದೋರ ತಲೆಕೂದಲು ಬಿದ್ದಿರುತ್ತೆ ಕಣೋ" ಎಂದು ರಮೇಶನ ಮೇಲೆ ಹರಿಹಾಯ್ದೆ. ಅವನು "ಒಳಗೆ ಯಾರನ್ನೂ ಬಿಟ್ಟಿಲ್ಲ ಅಕ್ಕ, ದೇವರಾಣೆ" ಎಂದ. ನಾನು ಟ್ಯೂಬನ್ನು ಎಸೆಯಲು ಹೊರಟಾಗ ಮೇಡಂ ತಡೆದರು.

"ಎಸೀಬೇಡಮ್ಮ. ಯಾರದು ಅಂತ ಮೊದಲು ನೋಡೋಣ."

ನೋಡಿದೆವು. ಮೊದಲ ಅಚ್ಚರಿ, ಅದರಲ್ಲಿದ್ದ ಡಿಎನ್‌ಎ ಪ್ರಮಾಣ. ಉಗುಳು, ಕೂದಲಿನಿಂದ ಬರುವುದು ಚೂರುಪಾರು. ಇದು ಹಾಗಿರಲಿಲ್ಲ. ಯಾರೋ ತೋಳು ಚಾಚಿ ಒಂದು ಸಿರಿಂಜು ರಕ್ತ ಕೊಟ್ಟಷ್ಟು ಇತ್ತು. ಎರಡನೆಯದು, ಗುರುತಿನ ಪರೀಕ್ಷೆ ಮಾಡಿದಾಗ ಅದು ಒಬ್ಬಳೇ ಒಬ್ಬ ಹೆಣ್ಣಿನದು ಎಂದು ಬಂತು. ನನ್ನದಲ್ಲ, ಮೇಡಂದಲ್ಲ, ಸ್ವಚ್ಛತೆಗೆ ಬರುವವರದೂ ಅಲ್ಲ. ಲ್ಯಾಬಿಗೆ ಅದುವರೆಗೆ ರಕ್ತ ಕೊಟ್ಟ ಯಾವ ರೋಗಿಯದೂ ಅಲ್ಲ. ಮೂರನೆಯದು, ಆ ಅಪರೂಪದ ಜೀನಿನಲ್ಲಿ, ಪರೀಕ್ಷೆಗೆ ಬಂದ ಮಗುವಿಗೆ ಯಾವ ದೋಷವೂ ಇರಲಿಲ್ಲ. ಆದರೆ ನೀರಿನಲ್ಲಿದ್ದವಳಿಗೆ ಒಂದು ಅಕ್ಷರ ತಪ್ಪಿತ್ತು. ತಾಯಿಯಿಂದ ಬಂದ ಪ್ರತಿಯಲ್ಲೂ, ತಂದೆಯಿಂದ ಬಂದ ಪ್ರತಿಯಲ್ಲೂ ಅದೇ ತಪ್ಪು.

ಅದೇ ಬಾಟಲಿಯ ನೀರಿನಿಂದ ಮತ್ತೆ ಮಾಡಿದೆ. ಖಾಲಿ ಬಂತು. ಇನ್ನೊಮ್ಮೆ ಮಾಡಿದೆ, ಖಾಲಿ. ಅದೇ ಪ್ಯಾಕೆಟಿನ ಬೇರೆ ಟ್ಯೂಬುಗಳಲ್ಲೂ ಏನೂ ಇರಲಿಲ್ಲ. ಆ ಒಂದು ಟ್ಯೂಬಿನಲ್ಲಿ ಮಾತ್ರ ಅವಳಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಎಸೆದು ಕೈ ತೊಳೆದುಕೊಳ್ಳುತ್ತಿದ್ದರು. ಎಲ್ಲ ಲ್ಯಾಬುಗಳಲ್ಲೂ ಹಾಗೆಯೇ ಮಾಡುವುದು, ಅದು ತಪ್ಪೂ ಅಲ್ಲ. ಮೇಡಂ ಹಾಗೆ ಮಾಡಲಿಲ್ಲ. ಟ್ಯೂಬಿನ ಮುಚ್ಚಳದ ಮೇಲೆ 'ನೀರು' ಎಂದು ಕನ್ನಡದಲ್ಲೇ ಬರೆದು, ಟೇಪು ಸುತ್ತಿ, ಅದರ ಮೇಲೆ ತಮ್ಮ ಸಹಿ ಹಾಕಿ ಫ್ರೀಜರಿನಲ್ಲಿ ಇರಿಸಿದರು. ಅದರ ಗುರುತನ್ನೂ ಕಂಪ್ಯೂಟರಿಗೆ ಸೇರಿಸಲು ಹೇಳಿದರು. "ಯಾಕೆ ಮೇಡಂ?" ಎಂದೆ.

"ಯಾರದೋ ಇರ್ಬೇಕಲ್ಲಮ್ಮ. ಬಂದು ಕೇಳ್ತಾರೆ" ಎಂದು ನಕ್ಕರು.

ತಮಾಷೆಗೆ ಹೇಳಿದ ಮಾತು. ಕಳೆದುಹೋದ ಛತ್ರಿಯನ್ನು ಅಂಗಡಿಯವರು ಎತ್ತಿಡುವಾಗ ಹೇಳುತ್ತಾರಲ್ಲ, ಹಾಗೆ. ನಾನೂ ನಕ್ಕೆ.

ದೀಪಾವಳಿ ಮುಗಿದು ಚಳಿ ಹಿಡಿದುಕೊಂಡಿತ್ತು. ಒಂದು ಬೆಳಿಗ್ಗೆ ಆಸ್ಪತ್ರೆಯೊಂದರ ಚೀಟಿ ಹಿಡಿದು ತಾಯಿ, ಮಗಳು ಬಂದರು. ಆರ್.ಟಿ. ನಗರದವರು. ತಾಯಿ ರೇಷ್ಮಾ ಮನೆಯಲ್ಲೇ ಬ್ಲೌಸ್ ಹೊಲಿಯುವ ಹೆಂಗಸು. ಮಗಳು ಮೆಹಕ್, ಸೆಕೆಂಡ್ ಪಿಯುಸಿ. ಆಟೋ ಇಳಿದು ನಮ್ಮ ಬಾಗಿಲವರೆಗೆ ಬರುವಷ್ಟರಲ್ಲಿ ಆ ಹುಡುಗಿ ಗೋಡೆ ಹಿಡಿದುಕೊಂಡು ಎರಡು ಕಡೆ ನಿಂತಳು. ಸೊಂಟ ಓಲಾಡಿಸಿಕೊಂಡು ನಡೆಯುತ್ತಿದ್ದಳು. ಕುರ್ಚಿಯಿಂದ ಏಳಬೇಕಾದರೆ ತನ್ನ ತೊಡೆಯ ಮೇಲೆ ತಾನೇ ಕೈಯೂರಿ ಮೇಲೇರಬೇಕಿತ್ತು. ಇಂಥವರನ್ನು ನೋಡಿ ನೋಡಿ ನನಗೆ ಅಭ್ಯಾಸ. ನೋಡಿದ ಕೂಡಲೇ ಮನಸ್ಸಿನಲ್ಲಿ, ಇನ್ನೆಷ್ಟು ದಿನ ನಡೆಯುತ್ತಾಳೋ ಎಂದುಕೊಂಡೆ.

ಆದರೆ ಬಾಯಿ ನೋಡಬೇಕು ಅವಳದು. ನಾನು ತೋಳಿಗೆ ಪಟ್ಟಿ ಕಟ್ಟಿ ನರ ಹುಡುಕುತ್ತಿದ್ದರೆ, "ಆಂಟಿ, ಹುಡುಕಿ ಹುಡುಕಿ, ಎಲ್ಲಾ ಆಸ್ಪತ್ರೆಯವರೂ ರಕ್ತ ಮುಗಿಸ್ಬಿಟ್ಟಿದಾರೆ, ನಿಮಗೂ ಸ್ವಲ್ಪ ಉಳಿದಿರುತ್ತೆ" ಎಂದಳು. ಅವರ ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಹತ್ತುವುದು ಹೇಗೆ ಎಂದು ಕೇಳಿದೆ. ಮೆಟ್ಟಿಲಿನ ಮೇಲೆ ಹಿಂದುಮುಂದಾಗಿ ಕೂತು, ಕೈಯೂರಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಏರುತ್ತಾಳಂತೆ. "ಬಿಲ್ಡಿಂಗ್ ಮೆಟ್ಟಿಲೆಲ್ಲ ನನ್ನ ಚೂಡಿದಾರದಲ್ಲೇ ಕ್ಲೀನ್ ಆಗೋದು. ಓನರ್ ನಮಗೆ ಥ್ಯಾಂಕ್ಸ್ ಹೇಳ್ಬೇಕು" ಎಂದು ನಕ್ಕಳು. ತಾಯಿ ನಗಲಿಲ್ಲ.

ಮುಂದೆ ಏನು ಓದುತ್ತೀಯ ಎಂದು ಮಾತಿಗೆ ಕೇಳಿದೆ. "ಟೀಚರ್ ಆಗ್ಬೇಕು ಆಂಟಿ. ಕೂತ್ಕೊಂಡಲ್ಲ, ಬೋರ್ಡ್ ಮುಂದೆ ನಿಂತ್ಕೊಂಡು ಪಾಠ ಮಾಡೋ ಟೀಚರ್." ಆಸ್ಪತ್ರೆಯವರು ಸ್ನಾಯು ಸೊರಗುವ ಕಾಯಿಲೆ ಎಂದಿದ್ದರು. ಔಷಧಿ ಇಲ್ಲ, ಕೆಲವೇ ವರ್ಷದಲ್ಲಿ ಗಾಲಿಕುರ್ಚಿ ಬೇಕಾಗಬಹುದು ಎಂದೂ ಹೇಳಿದ್ದರು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಆ ಮಾತನ್ನು ಅಷ್ಟು ನೇರವಾಗಿ ಹೇಳಿದಳು. ಅವಳ ಧೈರ್ಯದ ಮುಂದೆ ನಾನು ಚಿಕ್ಕವಳಾದಂತೆ ಅನ್ನಿಸಿತು.

ಹೊರಡುವಾಗ ರೇಷ್ಮಾ ನನ್ನನ್ನು ಪಕ್ಕಕ್ಕೆ ಕರೆದು, "ವಾಸಿ ಮಾಡಿ ಅಂತ ಕೇಳಲ್ಲ ಮೇಡಂ. ಏನು ಕಾಯಿಲೆ ಅಂತ ಹೆಸರಾದ್ರೂ ಹೇಳಿ. ಹೆಸರಿಲ್ಲದೇ ಇರೋದನ್ನ ಎಷ್ಟು ದಿನ ಹೊತ್ಕೊಂಡು ತಿರುಗೋದು" ಎಂದರು.

ಆಸ್ಪತ್ರೆಯವರು ಕೇಳಿದ್ದ ಜೀನುಗಳನ್ನೆಲ್ಲ ನೋಡಿದೆವು. ಸ್ನಾಯು ಸೊರಗುವ ಕಾಯಿಲೆಗೆ ಕಾರಣವಾಗುವ ಜೀನುಗಳವು. ಎಲ್ಲವೂ ಸರಿಯಾಗಿದ್ದವು. ಸರಿಯಾಗಿದ್ದರೆ ಸಂತೋಷಪಡಬೇಕು ಎಂದು ನೀವು ಅಂದುಕೊಳ್ಳಬಹುದು. ಹಾಗಲ್ಲ. ಕಾಯಿಲೆ ಕಣ್ಣಮುಂದೆಯೇ ಇದೆ, ಕಾರಣ ಸಿಗಲಿಲ್ಲ ಎಂದಷ್ಟೇ ಅದರ ಅರ್ಥ. 'ಕಾರಣ ಪತ್ತೆಯಾಗಿಲ್ಲ' ಎಂದು ವರದಿ ಸಿದ್ಧವಾಯಿತು. ಅದು ಆಸ್ಪತ್ರೆಗೆ ಹೋಗುತ್ತದೆ, ಫೈಲು ಸೇರುತ್ತದೆ, ಮೆಹಕ್ ಮೆಟ್ಟಿಲು ಒರೆಸಿಕೊಂಡು ಮನೆಗೆ ಹೋಗುತ್ತಾಳೆ. ನಮ್ಮ ಕೈಯಲ್ಲಿ ಇದ್ದದ್ದು ಅಷ್ಟೇ.

ವರದಿಗೆ ಸಹಿ ಬೀಳುವ ಮುಂಚೆ ಒಂದು ಕೆಲಸ ಬಾಕಿಯಿರುತ್ತದೆ. ರಕ್ತ ಅದಲುಬದಲಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಗುರುತಿನ ಪರೀಕ್ಷೆ ಮಾಡಿ, ಕಂಪ್ಯೂಟರಿನಲ್ಲಿರುವ ಎಲ್ಲರ ಜೊತೆ ಹೋಲಿಸಬೇಕು. ಪ್ರತಿ ಸಲವೂ ಯಾರ ಜೊತೆಗೂ ಹೊಂದುವುದಿಲ್ಲ ಎಂದೇ ಬರುತ್ತದೆ, ನಾವು ಪರದೆಯನ್ನು ಸರಿಯಾಗಿ ನೋಡುವುದೂ ಇಲ್ಲ. ಅವತ್ತು ನಾನು ಗುಂಡಿ ಒತ್ತಿ ಟೀ ಲೋಟ ಎತ್ತಿಕೊಂಡೆ. ಪರದೆಯ ಮೇಲೆ ಕೆಂಪು ಗೆರೆ ಬಂತು. ಈ ವ್ಯಕ್ತಿ ಈಗಾಗಲೇ ನಿಮ್ಮಲ್ಲಿದ್ದಾರೆ ಎಂಬ ಸೂಚನೆ ಅದು. ಪಕ್ಕದಲ್ಲಿ ಯಾರೆಂದು ಹೆಸರಿತ್ತು.

ನೀರು.

ರಮೇಶ ಏನೋ ಕಿತಾಪತಿ ಮಾಡಿದ್ದಾನೆ ಎಂದೇ ಮೊದಲು ಅಂದುಕೊಂಡೆ. ಕರೆದೆ. ಅವನು ಪರದೆ ನೋಡಿದವನೇ ಬಿಳಿಚಿಕೊಂಡ. ಅವನ ಮುಖ ನೋಡಿ ಇದು ಅವನ ಕೆಲಸವಲ್ಲ ಎಂದು ಗೊತ್ತಾಯಿತು. ಹಾಡಹಗಲು, ಕಿಟಕಿಯಾಚೆ ಫ್ಲೈಓವರಿನ ಮೇಲೆ ವಾಹನಗಳು ಎಂದಿನಂತೆ ಸಾಲುಗಟ್ಟಿ ನಿಂತು ಹಾರ್ನ್ ಹೊಡೆಯುತ್ತಿದ್ದವು. ನನಗೆ ಮಾತ್ರ ನಮ್ಮ ಕೋಣೆಯಲ್ಲಿ ಇನ್ನೊಬ್ಬರು ಇದ್ದಾರೆ ಎಂಬಂತೆ ಅನ್ನಿಸಿ ಹಿಂದೆ ತಿರುಗಿ ನೋಡಿದೆ. ಫ್ರೀಜರು ಗುಂಯ್‌ಗುಡುತ್ತಿತ್ತು, ಬೇರೇನಿಲ್ಲ.

ಓದುವವರಿಗೆ ಒಮ್ಮೆ ಸ್ಪಷ್ಟವಾಗಲಿ. ಮೆಹಕಳ ರಕ್ತ ನಮ್ಮಲ್ಲಿಗೆ ಬಂದದ್ದು ದೀಪಾವಳಿ ಆದ ಮೇಲೆ. ನೀರಿನ ಟ್ಯೂಬಿನಲ್ಲಿ ಆ ಹೆಣ್ಣು ಕಾಣಿಸಿಕೊಂಡದ್ದು ಅದಕ್ಕೂ ಮುಂಚೆ, ಆಯುಧಪೂಜೆಯ ಆಸುಪಾಸಿನಲ್ಲಿ. ಇನ್ನೂ ಬಾರದ ರಕ್ತ ನೀರಿಗೆ ಹೇಗೆ ಬೆರೆಯುತ್ತದೆ?

ಮೇಡಂ ಬಂದು ನೋಡಿದರು. ಆಮೇಲೆ ಅವರು ಮಾಡಿದ ಕೆಲಸವನ್ನು ನೆನೆದರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ. ಹೆದರಲಿಲ್ಲ, ಕುಣಿದಾಡಲಿಲ್ಲ, ಮುಚ್ಚಿಡಲೂ ಇಲ್ಲ. ಇದು ತಪ್ಪಾಗಿದ್ದರೆ ಎಲ್ಲಿ ತಪ್ಪಾಗಿರಬಹುದು ಎಂದು ಒಂದೊಂದಾಗಿ ಹುಡುಕುತ್ತಾ ಹೋದರು. ತಮ್ಮ ಸಹಿಯಿದ್ದ ಟೇಪು ಹಾಗೆಯೇ ಇದೆಯೇ ನೋಡಿದರು, ಇತ್ತು. ಯಂತ್ರ ತಾನಾಗಿ ಹಾಕಿಕೊಂಡಿದ್ದ ತಾರೀಕು ನೋಡಿದರು, ಸರಿಯಿತ್ತು. ಟ್ಯೂಬು ತಯಾರಿಸುವ ಕಂಪನಿಗೂ ಬರೆದು ಕೇಳಿದರು, ಅಲ್ಲೂ ತಪ್ಪು ಸಿಗಲಿಲ್ಲ. ಕೊನೆಗೆ ನೀರಿನ ಟ್ಯೂಬಿನಿಂದ ಒಂದು ಹನಿ, ಮೆಹಕಳ ರಕ್ತದಿಂದ ಒಂದು ಹನಿ ತೆಗೆದು, ಯಾವುದು ಏನೆಂದು ಹೇಳದೆ ಊರಿನ ಇನ್ನೊಂದು ಲ್ಯಾಬಿಗೆ ಕಳಿಸಿದರು. ಅಲ್ಲಿಂದಲೂ ಅದೇ ಉತ್ತರ ಬಂತು. ಎರಡೂ ಒಬ್ಬರದೇ.

ತದ್ರೂಪಿ ಅವಳಿ ಜವಳಿ ಆಗಿದ್ದರೆ ಮಾತ್ರ ಇಬ್ಬರಿಗೆ ಒಂದೇ ಗುರುತು ಬರಲು ಸಾಧ್ಯ. ನಾನೇ ರೇಷ್ಮಾ ಅವರಿಗೆ ಫೋನ್ ಮಾಡಿ, ಹೇಗೆ ಕೇಳುವುದೆಂದು ತಿಳಿಯದೆ ತಡವರಿಸುತ್ತಾ ಕೇಳಿದೆ. "ಇಲ್ಲ ಮೇಡಂ, ಇವಳೊಬ್ಬಳೇ. ಒಬ್ಬಳಿಗೇ ನಮ್ಮ ಮನೆ ತುಂಬೋಗಿದೆ" ಎಂದರು.

ಇಲ್ಲಿಗೆ ವಿಚಿತ್ರ ಒಂದು ಕಡೆ ಇರಲಿ. ನೀರು ನಮಗೆ ಇನ್ನೊಂದು ವಿಷಯವನ್ನೂ ಹೇಳಿತ್ತು, ಮರೆಯಬೇಡಿ. ನೀರಿನಲ್ಲಿದ್ದವಳಿಗೆ ಆ ಅಪರೂಪದ ಜೀನಿನಲ್ಲಿ ಎರಡೂ ಕಡೆ ತಪ್ಪಿತ್ತು. ಆ ಜೀನನ್ನು ಮೆಹಕಳಿಗೆ ಪರೀಕ್ಷಿಸಿ ಎಂದು ಆಸ್ಪತ್ರೆಯವರು ಕೇಳಿರಲಿಲ್ಲ, ನಾವು ನೋಡಿರಲೂ ಇಲ್ಲ. ಮೇಡಂ ವರದಿಯನ್ನು ತಡೆಹಿಡಿದರು. "ಹಳೇದು ಯಾವುದೂ ಬೇಡ. ಹೊಸದಾಗಿ ರಕ್ತ ತಗೊಳ್ಳೋಣ" ಎಂದರು.

ಮೆಹಕಳಿಗೆ ಕಾಲೇಜಿನಲ್ಲಿ ಪರೀಕ್ಷೆ ನಡೆಯುತ್ತಿತ್ತು, ಬೆಳಿಗ್ಗೆ ಬರಲಾಗಲಿಲ್ಲ. ಅದು ಮುಗಿಸಿಕೊಂಡು ಸಂಜೆ ಬಂದಳು. ನಾನು ಕಂಡಿದ್ದ ಹುಡುಗಿಯೇ ಅಲ್ಲ. ಮಾತಿಲ್ಲ. ಕಣ್ಣಿನ ರೆಪ್ಪೆಗಳು ಅರ್ಧ ಇಳಿಬಿದ್ದಿದ್ದವು, ನನ್ನನ್ನು ನೋಡಬೇಕಾದರೆ ಗದ್ದ ಎತ್ತಿ ನೋಡುತ್ತಿದ್ದಳು. ಮೇಡಂ ಅವಳ ಮುಂದೆ ಸ್ಟೂಲು ಎಳೆದುಕೊಂಡು ಕೂತು, "ಬೆಳಿಗ್ಗೆ ಹೀಗಿರಲ್ವಾ?" ಎಂದು ಕೇಳಿದರು.

"ಬೆಳಿಗ್ಗೆ ರಾಣಿ ಥರ ಇರ್ತಾಳೆ ಮೇಡಂ. ಸಂಜೆ ಆದ್ರೆ ದಿನಾ ಹಿಂಗೇ. ರಾತ್ರಿಯೆಲ್ಲಾ ಮೊಬೈಲ್ ನೋಡ್ತಾಳೆ, ಅದಕ್ಕೇ ಕಣ್ಣು ಮುಚ್ತಾಳೆ ಅಂತ ನಾವು ಬೈಯೋದು" ಎಂದರು ರೇಷ್ಮಾ.

ಆಸ್ಪತ್ರೆಯ ಓಪಿಡಿ ಇರುವುದು ಬೆಳಿಗ್ಗೆ. ಅಷ್ಟು ವರ್ಷ ಅವಳನ್ನು ನೋಡಿದ ಡಾಕ್ಟರುಗಳೆಲ್ಲ ಬೆಳಗಿನ ಮೆಹಕಳನ್ನು ನೋಡಿದ್ದರು. ಸಂಜೆಯ ಮೆಹಕಳನ್ನು ನೋಡಿದ್ದವರು ಮನೆಯವರು ಮಾತ್ರ, ಅವರಿಗೆ ಅದು ಹೇಳಬೇಕಾದ ವಿಷಯ ಎಂದು ಗೊತ್ತಿರಲಿಲ್ಲ. ಮೇಡಂ ನನ್ನ ಕಡೆ ತಿರುಗಿದರು. ಅವರ ಕಣ್ಣು ಒದ್ದೆಯಾಗಿತ್ತು. ಸ್ನಾಯು ಸೊರಗಿದರೆ ಬೆಳಿಗ್ಗೆಯೂ ಸಂಜೆಯೂ ಒಂದೇ ರೀತಿ ಸೊರಗಿರುತ್ತದೆ. ಹೊತ್ತು ಏರಿದಂತೆ ಶಕ್ತಿ ಇಳಿಯುವುದು ನರದ ಆಜ್ಞೆ ಸ್ನಾಯುವಿಗೆ ಸರಿಯಾಗಿ ದಾಟದಿದ್ದಾಗ.

ಹೊಸ ರಕ್ತದಲ್ಲಿ ಆ ಜೀನನ್ನು ಓದಿಸಿದೆ. ಅದೇ ಜಾಗ, ಅದೇ ಅಕ್ಷರ, ಎರಡೂ ಕಡೆ. ಅವಳ ತಂದೆ ತಾಯಿ ಸಂಬಂಧದಲ್ಲೇ ಮದುವೆಯಾದವರು, ಒಂದೇ ತಪ್ಪು ಇಬ್ಬರಿಂದಲೂ ಬಂದದ್ದು ಹಾಗೆ. ನಮ್ಮ ಮನೆಗಳಲ್ಲೂ ಸೋದರಮಾವನಿಗೆ ಕೊಡುವುದು ಉಂಟು, ಯಾರೂ ಯಾರನ್ನೂ ಬೆರಳು ಮಾಡಿ ತೋರಿಸಬೇಕಾಗಿಲ್ಲ. ಜೊತೆಗಿಟ್ಟಿದ್ದ ನೀರಿನ ಟ್ಯೂಬು ಈ ಸಲ ಖಾಲಿ ಬಂದಿತ್ತು. ಸುಳ್ಳು ಹೇಳುವುದಿಲ್ಲ, ಮೊದಲು ಅದನ್ನೇ ನೋಡಿದೆ.

ಈಗ ಕೇಳಿ. ಈ ಕಾಯಿಲೆಗೆ ಔಷಧಿ ಇದೆ. ಹೊಸದಲ್ಲ, ದುಬಾರಿಯದೂ ಅಲ್ಲ. ಉಬ್ಬಸಕ್ಕೆ ಕೊಡುವ ಹಳೆಯ ಮಾತ್ರೆಯೊಂದು, ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಎಲ್ಲರಿಗೂ ಒಂದೇ ಸಮ ಕೆಲಸ ಮಾಡುವುದಿಲ್ಲ, ಡಾಕ್ಟರು ನೋಡಿಕೊಂಡೇ ಕೊಡಬೇಕು. ಆದರೆ ಕೆಲಸ ಮಾಡಿದವರಿಗೆ ನಿಧಾನವಾಗಿ ಶಕ್ತಿ ಮರಳುತ್ತದೆ. ನಾನು ವರದಿಯನ್ನು ಟೈಪ್ ಮಾಡುವಾಗ ಈ ವಿಷಯ ಮೇಡಂ ಹೇಳಿದ್ದು. ಕೇಳಿ ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಇಷ್ಟು ವರ್ಷ ನಾವು ಬರೆದ ವರದಿಗಳಲ್ಲಿ ಹೆಚ್ಚಿನವು ಕೆಟ್ಟ ಸುದ್ದಿಗೆ ಹೆಸರಿಡುವಂಥವು. ಇದು ಹಾಗಾಗಿರಲಿಲ್ಲ.

"ಮೇಡಂ, ನೀರಿನ ವಿಷಯ ವರದಿಯಲ್ಲಿ ಎಲ್ಲಿ ಬರೀಲಿ?" ಎಂದು ಕೇಳಿದೆ.

"ಬರೆಯೋದು ಬೇಡಮ್ಮ. ಆ ಹುಡುಗಿ ರಕ್ತ ಹೇಳಿದ್ದನ್ನ ಮಾತ್ರ ಬರಿ."

"ಯಾರಾದ್ರೂ ಕೇಳಿದ್ರೆ?"

"ಕೇಳಿದ್ರೆ ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ. ಹೇಗಾಯ್ತು ಅಂದ್ರೆ, ಗೊತ್ತಿಲ್ಲ ಅಂತೀನಿ. ನಿಜವಾಗ್ಲೂ ಗೊತ್ತಿಲ್ಲ ಕಣಮ್ಮ" ಎಂದರು. ಎಷ್ಟೋ ಸಲ ಅವರ ಬಾಯಲ್ಲಿ ಕೇಳಿದ ಮಾತೇ ಅದು. ಅವತ್ತು ಮಾತ್ರ ಅದನ್ನು ಹೇಳುವಾಗ ಅವರ ಮುಖದಲ್ಲಿ ಮಕ್ಕಳ ಮುಖದಲ್ಲಿರುವಂಥ ಬೆಳಕಿತ್ತು.

ಮೇಡಂ ಈಗ ನಿವೃತ್ತರಾಗಿ ಗಂಗಾನಗರದ ತಮ್ಮ ಮನೆಯಲ್ಲಿದ್ದಾರೆ. ನಾನು ಆಗಾಗ ಹೋಗುತ್ತೇನೆ. ಮೊಸರನ್ನ ಹಾಕುತ್ತಾರೆ. ಎಲ್ಲ ಮಾತೂ ಮುಗಿದ ಮೇಲೆ, "ಆ ಟ್ಯೂಬಿನ ಬಗ್ಗೆ ಏನಾದ್ರೂ ಹೊಳೀತೇನಮ್ಮ?" ಎಂದು ಕೇಳದೆ ಬಿಡುವುದಿಲ್ಲ. ಅಷ್ಟು ದೊಡ್ಡವರು ನನ್ನನ್ನು ಕೇಳುತ್ತಾರಲ್ಲ ಎಂದು ನನಗೆ ಹೆಮ್ಮೆ. ಹೊಳೆದಿದ್ದರೆ ತಾನೇ ಹೇಳುವುದು. ರಮೇಶ ಹೇಳುವ ಕಾರಣ ಬೇರೆ, ಅದರಲ್ಲಿ ಅವನ ನಿಂಬೆಹಣ್ಣಿಗೆ ದೊಡ್ಡ ಪಾತ್ರವಿದೆ. ಅತ್ತೆಗೆ ಈ ಕಥೆ ಹೇಳಿದಾಗ ಅವರು ಒಂದಿಷ್ಟೂ ಆಶ್ಚರ್ಯಪಡಲಿಲ್ಲ. "ಬರಬೇಕಾದೋಳು ಮೊದ್ಲೇ ಬಂದು ಜಾಗ ಇಡ್ಕೊಂಡವ್ಳೆ ಬುಡು" ಎಂದು ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದರು. ನಾನು ಎದುರಾಡಲಿಲ್ಲ.

ವರದಿ ನೋಡಿ ಆಸ್ಪತ್ರೆಯವರು ಮೆಹಕಳಿಗೆ ಆ ಮಾತ್ರೆ ಶುರುಮಾಡಿದ್ದರು. ಕಳೆದ ರಂಜಾನ್ ಹಬ್ಬಕ್ಕೆ ರೇಷ್ಮಾ ಊಟಕ್ಕೆ ಕರೆದಿದ್ದರು. ಲ್ಯಾಬು ಮುಗಿಸಿಕೊಂಡು ಸಂಜೆ ಹೋದೆ. ಮೂರು ಮಹಡಿ ಹತ್ತುವಷ್ಟರಲ್ಲಿ ನನಗೇ ಏದುಸಿರು ಬಂದಿತ್ತು. ಶೀರ್ ಕುರ್ಮಾ ಎಂಬ ಶಾವಿಗೆ ಪಾಯಸ ಕುಡಿದು, ಬಿರಿಯಾನಿ ಡಬ್ಬಿ ಕಟ್ಟಿಸಿಕೊಂಡು ಹೊರಟೆ. "ಬಸ್ ಸ್ಟಾಪ್‌ವರೆಗೂ ಬರ್ತೀನಿ ಆಂಟಿ" ಎಂದು ಮೆಹಕ್ ಚಪ್ಪಲಿ ಮೆಟ್ಟಿದಳು. ಬೇಡ ಎನ್ನಲು ಬಾಯಿ ತೆರೆದೆ, ರೇಷ್ಮಾ ಕಣ್ಣಿನಲ್ಲೇ ಬಿಡಿ ಎಂದರು. ಅವಳು ಕಂಬಿಯನ್ನು ಹಿಡಿದುಕೊಂಡಿದ್ದಳು ನಿಜ, ನಿಧಾನವಾಗಿದ್ದಳು ನಿಜ. ಆದರೆ ನಿಂತು ಇಳಿದಳು. ಸಂಜೆ ಹೊತ್ತಿನಲ್ಲಿ, ಕಣ್ಣು ಪೂರ್ತಿ ತೆರೆದುಕೊಂಡು. ಓನರ್ ಈಗ ಮೆಟ್ಟಿಲು ಗುಡಿಸಲು ಬೇರೆಯವರನ್ನು ಇಟ್ಟುಕೊಳ್ಳಬೇಕಾಗಿದೆ ಎಂದು ನಗಿಸಿದಳು. ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಿದ್ದಾಳಂತೆ.

ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ, ಎಷ್ಟೋ ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟೆ. ರಕ್ತ ಕೊಡಲು ಬರುವ ಮುಂಚೆ ಯಾವಾಗಲಾದರೂ ನಮ್ಮ ಕಟ್ಟಡದ ಕಡೆ ಬಂದಿದ್ದೆಯಾ, ಆಯುಧಪೂಜೆಯ ಸಮಯದಲ್ಲಿ, ಯಾರ ಜೊತೆಗಾದರೂ? ಅವಳಿಗೆ ನೀರಿನ ಕಥೆ ನಾವ್ಯಾರೂ ಹೇಳಿಲ್ಲ. ನಾನು ಯಾಕೆ ಕೇಳುತ್ತಿದ್ದೇನೆ ಎಂದು ಅವಳಿಗೆ ಅರ್ಥವಾಗಲಿಲ್ಲ.

"ಎಲ್ಲಿಂದ ಬರ್ಲಿ ಆಂಟಿ? ಬಸ್ಸು ಹತ್ತೋಕೇ ಆಗ್ತಿರ್ಲಿಲ್ವಲ್ಲ ಆವಾಗ" ಎಂದಳು.

ಅಷ್ಟರಲ್ಲಿ ನನ್ನ ಬಸ್ಸು ಬಂತು. ಕಿಟಕಿಯ ಪಕ್ಕ ಕೂತು ನೋಡಿದೆ, ಅವಳು ಎರಡೂ ಕಾಲ ಮೇಲೆ ಗಟ್ಟಿಯಾಗಿ ನಿಂತು ಕೈ ಬೀಸುತ್ತಿದ್ದಳು.

ಆ ಟ್ಯೂಬು ಈಗಲೂ ಫ್ರೀಜರಿನಲ್ಲಿದೆ. ಪರೀಕ್ಷೆಗೆ ಬಳಸಿ ಬಳಸಿ ಒಳಗೆ ಏನೂ ಉಳಿದಿಲ್ಲ, ಆದರೂ ಎಸೆಯಲು ನಾನು ಬಿಟ್ಟಿಲ್ಲ. ಇವತ್ತಿಗೂ ಪ್ರತಿ ಸಲ ಕೆಲಸ ಶುರುಮಾಡುವಾಗ ಒಂದು ಟ್ಯೂಬಿಗೆ ಬರೀ ನೀರು ಹಾಕುತ್ತೇನೆ. ಅದು ಖಾಲಿಯೇ ಬರುತ್ತದೆ, ಖಾಲಿಯೇ ಬರಬೇಕು, ಬಂದರೆ ನಮ್ಮ ಕೆಲಸ ಸರಿಯಾಗಿದೆ ಎಂದರ್ಥ. ಹಾಗೆ ಬಂದಾಗ ಸಮಾಧಾನವಾಗುತ್ತದೆ. ಆದರೆ ಆಸ್ಪತ್ರೆಯ ಚೀಟಿ ಹಿಡಿದು, ಗೋಡೆ ಹಿಡಿದುಕೊಂಡು ನಡೆಯುವ ಯಾರದೋ ಮಗು ಅವತ್ತು ಬಂದು ಹೋಗಿದ್ದರೆ, ಖಾಲಿ ಟ್ಯೂಬನ್ನು ಎಸೆಯುವ ಮುಂಚೆ ನಾನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡುತ್ತೇನೆ.